ಕಾಶವ್ವನ ಎದೆಹಾಲು

ಅರವತ್ತು ದಾಟಿದ ಕಾಶವ್ವ ಕ್ಯಾನ್ಸರ್ ವಾರ್ಡಿನಲ್ಲಿ ಬೆಳಿಗ್ಗೆ ಎದ್ದಾಗ ಅವಳ ಕುಪ್ಪಸ ಎದೆಹಾಲಿನಿಂದ ಒದ್ದೆಯಾಗಿತ್ತು. ಯಾರೂ ಬೆರಗಾಗಲಿಲ್ಲ. ಗಡ್ಡೆಗೆ ಕೊಡುವ ಚುಚ್ಚುಮದ್ದು, ಅದನ್ನು ತಡೆಯುವ ಜೀನುಗಳು ಮತ್ತೆ ಎಚ್ಚರಗೊಳ್ಳಲೆಂದು, ಜೀನುಗಳನ್ನು ಮುಚ್ಚಿ ಹಿಡಿದ ಪ್ರೋಟೀನನ್ನು ಕಳಚುತ್ತಿತ್ತು. ಜೊತೆಗೆ ದೇಹ ಎಂದೋ ಮರೆತದ್ದೂ ತೆರೆದುಕೊಳ್ಳುತ್ತಿತ್ತು. ಪಕ್ಕದ ಮಂಚದ ಅಜ್ಜಿಗೆ ಹಾಲುಹಲ್ಲು ಮೂಡಿತ್ತು.

“ಹೆದರಬ್ಯಾಡ್ರಿ ಅವ್ವಾರ, ಭಾಳ ಮಂದಿಗೆ ಹಿಂಗ ಆಗತೈತಿ. ಈ ಗುಳಿಗಿ ತಗೊಂಡ್ರ ಸಂಜೀಕ ನಿಲ್ಲತೈತಿ,” ಎಂದಳು ನರ್ಸ್ ಪರ್ವೀನ್.

ಕಾಶವ್ವ ಗುಳಿಗೆ ಮುಟ್ಟಲಿಲ್ಲ.

“ಮೂವತ್ತೈದು ವರ್ಷದ ಹಿಂದ ನನ್ನ ಮೂರು ದಿನದ ಕೂಸು ಹೋದಾಗೂ ಹಿಂಗ ಗುಳಿಗಿ ಕೊಟ್ಟು ನಿಲ್ಲಿಸಿದ್ರವಾ. ಈ ಸಲ ತಾನ ನಿಲ್ಲಲಿ.”

ಪರ್ವೀನ್ ಮಂಚದ ಸುತ್ತ ಪರದೆ ಎಳೆದಳು. ಒಳಗೆ ಕಾಶವ್ವ ಗೋಡೆಗೆ ಒರಗಿ, ಎಡಗೈ ಮಡಚಿ, ಪುಟ್ಟ ತಲೆಯೊಂದಕ್ಕೆ ಸಾಕಾಗುವಷ್ಟು ಜಾಗ ಮಾಡಿಕೊಂಡಳು.