ಕಲ್ಲೊಡ್ಡಿನ ಮೇಲೆ ದಿಗ್ಬಂಧನ

“ಕಲ್ಲೊಡ್ಡಿಗೆ ಇನ್ನು ಮೇಲೆ ಒಕ್ಕಣೆ ಮಿಷನ್ನು ಕಳಿಸಬಾರದು. ಹೆಣ್ಣು ಕೊಡಬಾರದು, ತರಬಾರದು. ಮದುವೆಗೆ ಕರೆಯಬಾರದು, ಮಣ್ಣಿಗೂ ಹೋಗಬಾರದು” ಎಂದು ಸುರೇಂದ್ರ ಠರಾವು ಓದಿ ಮುಗಿಸಿದ. ಹುಣಸೇಕೊಪ್ಪದ ಊರಸಭೆ ತಲೆದೂಗಿತು.

ಹುಣಸೇಕೊಪ್ಪ ಶಿಕಾರಿಪುರ ತಾಲ್ಲೂಕಿನ ಅಂಚು; ಹಳ್ಳ ದಾಟಿದರೆ ಸೊರಬದ ಕಲ್ಲೊಡ್ಡು. ಅಲ್ಲಿ ಚಿಕ್ಕಬೀರಪ್ಪನೆಂಬ ಒಬ್ಬನದೇ ದರ್ಬಾರು ಎಂಬುದು ಈಚೆ ದಡದ ಕೂಸುಗಳಿಗೂ ಬಾಯಿಪಾಠ. ದಾರಿಗೆ ಅಡ್ಡಲಾಗಿ ಬಿದಿರು ಕಟ್ಟಿಸಿದ್ದಾನೆ. ಬಂದವರ ಹೆಸರು ಬರೆಸುತ್ತಾನೆ. ಎರಡು ವರ್ಷದಲ್ಲಿ ಹುಣಸೇಕೊಪ್ಪದ ಒಂಬತ್ತು ಮನೆಯವರು (ಬಂದಳಿಕೆಯ ಕಡೆ ಈ ಕತೆ ಹೇಳುವವರು ಏಳು ಎನ್ನುತ್ತಾರೆ) ಆ ಊರಿಗೆ ಹೋದರು; ಒಬ್ಬರೂ ಮರಳಲಿಲ್ಲ. ಹಿಡಿದಿಟ್ಟುಕೊಂಡಿದ್ದಾನೆ, ಇನ್ನೇನು?

ಮುಂದಿನ ಸಾಲಿನಲ್ಲಿ ಕುಳಿತ ಕೆಂಪಪ್ಪ ಬೆವರುತ್ತಿದ್ದ. ತಾಯಿಯಿಲ್ಲದ ಒಬ್ಬಳೇ ಮಗಳು ತೃಪ್ತಿಯನ್ನು ಅವನು ಕೊಟ್ಟದ್ದು ಕಲ್ಲೊಡ್ಡಿಗೇ. ಕಳೆದ ಯುಗಾದಿಗೂ ಅವಳು ಬಂದಿರಲಿಲ್ಲ. ಆ ದುಷ್ಟ ಬಿಟ್ಟಿರಲಾರನೆಂದು ಕೆಂಪಪ್ಪ ತಾನೇ ತೀರ್ಮಾನಿಸಿದ್ದ. ಈಗ ಅವಳಿಗೆ ಎಂಟು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಠರಾವು ಇವತ್ತೇ ಜಾರಿಯಾದರೆ ಮಗಳೂ ಇಲ್ಲ, ಮೊಮ್ಮಗುವೂ ಇಲ್ಲ.

ಮಾತಿಗೆ ಸಮಯ ಕಡಿಮೆಯಿತ್ತು. ಆ ಸಭೆಗೊಂದು ಕಟ್ಟಳೆ: ಅಧ್ಯಕ್ಷ ರಾಜಪ್ಪನವರ ಬಾಯಲ್ಲಿ ಎಲೆಯಡಿಕೆ ಇರುವವರೆಗೆ ಚರ್ಚೆ, ಉಗುಳಿದರೆಂದರೆ ಮತ. ಇಂಥ ಅಚ್ಚುಕಟ್ಟು ವಿಧಾನಸೌಧದಲ್ಲೂ ಇಲ್ಲ ಎಂಬುದು ಕೆಂಪಪ್ಪನ ಖಚಿತ ಅಭಿಪ್ರಾಯ.

“ಒಂದ್ಸಲ ಮಾತುಕತೆ ಆಗ್ಲಿ ಗೌಡ್ರೇ” ಎಂದ, ಕೂತಲ್ಲಿಂದಲೇ ಕೈ ಜೋಡಿಸಿ. “ನಾಳೆ ಜನ ನಮ್ಮನ್ನ ದುಡುಕಿದ್ರು ಅನ್ನಬಾರ್ದಲ್ರೀ.”

“ಮಾತುಕತೆ! ಆ ಬೀರನ ಹತ್ರ!” ಸುರೇಂದ್ರ ಗಹಗಹಿಸಿದ. “ಅವ್ನ ಎದುರು ಅವ್ನ ಊರೋರೇ ಬಾಯಿ ಬಿಡಲ್ವಂತೆ. ನೀವು ಹೋಗಿ ಚಾ ಕುಡ್ಕೊಂಡು ಬರ್ತೀರೇನ್ರೀ ಕೆಂಪಣ್ಣ?”

ಸಭೆ ನಕ್ಕಿತು. ರಾಜಪ್ಪನವರು ಅಗಿಯುವುದನ್ನು ನಿಲ್ಲಿಸಿದರು. ನಗುವೂ ನಿಂತಿತು.

“ನಾಳೆ ಹೊತ್ತು ಮುಳುಗೋದ್ರೊಳಗೆ ಮಗಳನ್ನ ಕರ್ಕೊಂಡ್ ಬಾ. ಆಮೇಲೆ ಹಳ್ಳದ ದಾರಿ ಬಂದ್. ಯಾರ ಮಗಳಾದ್ರೂ ಅಷ್ಟೇ.” ಪಕ್ಕಕ್ಕೆ ಬಾಗಿ ಉಗುಳಿದರು. “ವಿರೋಧ ಇದ್ದೋರು ಎದ್ದು ನಿಲ್ರಿ.”

ಯಾರೂ ಏಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಎದ್ದು ನಿಂತವನು ನವೀನನೆಂಬ ತಲೆಹರಟೆ ಒಬ್ಬನೇ. ಅವನೂ ಈಗ ಚಿಕ್ಕಬೀರಪ್ಪನ ಪಾಲು. ಒಗ್ಗಟ್ಟೆಂದರೆ ಇದು ಎಂದುಕೊಳ್ಳುತ್ತ ಕೆಂಪಪ್ಪ ಮನೆಗೆ ನಡೆದ.

ಮರುದಿನ ಬೆಳಿಗ್ಗೆ ಬಿದಿರಿನ ಅಡ್ಡದ ಬಳಿ ಕಾವಲಿನವನು ಪುಸ್ತಕ ತೆರೆದ.

“ಹೆಸರು?”

“ಕೆಂಪಪ್ಪ. ತೃಪ್ತಿಯ ಅಪ್ಪ.”

“ಓ, ಬನ್ನಿ ಬನ್ನಿ. ಒಬ್ರೇ ಬಂದ್ರಾ? ಹಿಂದೆ ಯಾರೂ ಬರ್ತಾ ಇಲ್ವಲ್ಲ?”

ಎಂಥ ಪತ್ತೇದಾರಿ! ಗುಲಾಮನ ಬುದ್ಧಿ ಎಲ್ಲಿ ಹೋಗುತ್ತದೆ? ಕೆಂಪಪ್ಪ ಉತ್ತರಿಸುವ ಗೋಜಿಗೇ ಹೋಗಲಿಲ್ಲ. ತೃಪ್ತಿ ಶಾಲೆಯ ಜಗಲಿಯಲ್ಲಿದ್ದಾಳೆಂದು ಕಾವಲಿನವನೇ ದಾರಿ ತೋರಿಸಿದ.

ಜಗಲಿಯಲ್ಲಿ ಊರಿಗೆ ಊರೇ ಸೇರಿತ್ತು. ಒಬ್ಬರ ಮಾತು ಮುಗಿಯುವ ಮುನ್ನ ಇನ್ನೊಬ್ಬರದು. ಸಂತೆಯೂ ಇದಕ್ಕಿಂತ ವಾಸಿ ಎನಿಸಿ ಕೆಂಪಪ್ಪ ಮೂಗು ಮುರಿದ. ಅಷ್ಟರಲ್ಲಿ ಗುಡ್ಡಮ್ಮನೆಂಬ ಮುದುಕಿ ಚಿಕ್ಕಬೀರಪ್ಪನ ಮೂಗಿನ ಮುಂದೆಯೇ ಬೆರಳಾಡಿಸಿದಳು.

“ಕೂತ್ಕಳೋ ಬೀರ, ನಿನ್ನ ಸರದಿ ಆಯ್ತು. ಹೇಳಿದ್ದನ್ನೇ ಎಷ್ಟು ಸಲ ಹೇಳ್ತೀಯ!”

ಚಿಕ್ಕಬೀರಪ್ಪ ತಲೆ ಕೆರೆದುಕೊಂಡು ಕೂತ.

ಕೆಂಪಪ್ಪನ ಎದೆ ಉಬ್ಬಿತು. ದಂಗೆ! ದಿಗ್ಬಂಧನದ ಸುದ್ದಿ ಮುಟ್ಟಿದ್ದೇ ತಡ, ದೊರೆಯ ಕಾಲಡಿಯ ನೆಲ ಜರಿಯುತ್ತಿದೆ. ರಾಜಪ್ಪನವರ ಲೆಕ್ಕಾಚಾರವೆಂದರೆ ಸುಮ್ಮನೆಯೇ?

“ಒಬ್ಬನಿಗೆ ಹೆದ್ರಿಕೊಂಡು ಒಂದೂರು ಇನ್ನೆಷ್ಟು ವರ್ಷ ಬದುಕ್ಬೇಕು?” ಎಂದು ಯಾರೋ ಕೂಗಿದರು.

“ಬಾಯಿ ಮುಚ್ಕೊಂಡು ಕೂತಾರಲ್ಲ, ಅವರದ್ದೂ ತಪ್ಪೇಯ” ಎಂದಿತು ಇನ್ನೊಂದು ದನಿ.

ತೃಪ್ತಿ ಗೋಡೆ ಹಿಡಿದು, ಭಾರವಾಗಿ ಎದ್ದು ನಿಂತಳು. ಅಪ್ಪನನ್ನು ಅವಳಿನ್ನೂ ನೋಡಿರಲಿಲ್ಲ. “ಹೆದರಿದೋರನ್ನ ಬೈಬೇಡ್ರಿ. ಅವ್ರಲ್ಲೂ ಯಾರೋ ಒಬ್ರು ಇವತ್ತಲ್ಲ ನಾಳೆ ಎದ್ದು ನಿಲ್ತಾರೆ. ಆಗ ನಾವು ಕೈ ಹಿಡೀಬೇಕು.”

ಕೆಂಪಪ್ಪನಿಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಯಾವ ಸಭೆಯಲ್ಲೂ ಎದ್ದು ನಿಲ್ಲದವನು ಮಗಳಿಗಾಗಿ, ನ್ಯಾಯಕ್ಕಾಗಿ, ಜನರನ್ನು ಸರಿಸಿ ನಡುವೆ ಬಂದು ನಿಂತ.

“ನಾನು ನಿಲ್ತೀನಿ!” ಎಂದು ಗರ್ಜಿಸಿದ. “ಅಂಥೋನ ದರ್ಬಾರು ಸಾಕು! ಊರನ್ನೇ ಕಾಲ ಕೆಳಗೆ ಇಟ್ಕೊಂಡಾನ, ಥೂ! ಇಳೀಲಿ ಕೆಳಗೆ! ಎದುರಿಗೆ ನಿಂತೇ ಹೇಳ್ತೀನಿ, ನಂಗೇನ್ ಹೆದರಿಕೆ?”

ತೃಪ್ತಿ ಬಾಯಿಗೆ ಸೆರಗೊತ್ತಿ ಬಿಕ್ಕಿದಳು. ಮೊದಲು ಚಪ್ಪಾಳೆ ತಟ್ಟಿದವನು ಚಿಕ್ಕಬೀರಪ್ಪ; ಆಮೇಲೆ ಊರೇ ತಟ್ಟಿತು. ಯಾರದೋ ಮೊಬೈಲು ಅಷ್ಟನ್ನೂ ಹಿಡಿದು ಆಗಲೇ ಹಳ್ಳದಾಚೆಗೆ ಕಳಿಸಿಯಾಗಿತ್ತು.

“ಬರ್ಕೋ ನವೀನ” ಎಂದಳು ಗುಡ್ಡಮ್ಮ, ಎತ್ತಿದ ಕೈಗಳನ್ನು ಎಣಿಸಿ ಮುಗಿಸಿ. ಮೂಲೆಯಲ್ಲಿದ್ದ ನವೀನ ಬರೆದುಕೊಂಡು, ಎದ್ದು, ಎಲ್ಲರಿಗೂ ಕೇಳುವಂತೆ ಓದಿದ:

“ರಾಜಪ್ಪನ ಆಳ್ವಿಕೆಯನ್ನು ಬಹಿರಂಗವಾಗಿ ಧಿಕ್ಕರಿಸಿ, ಹುಣಸೇಕೊಪ್ಪದಿಂದ ತಪ್ಪಿಸಿಕೊಂಡು ಬಂದ ಹತ್ತನೆಯ ಮನೆಯ ಕೆಂಪಪ್ಪನವರಿಗೆ, ಅವರ ಮಗಳ ಅರ್ಜಿಯ ಮೇರೆಗೆ, ಮೂವರ ವಿರೋಧದೊಂದಿಗೆ, ಕಲ್ಲೊಡ್ಡಿನಲ್ಲಿ ಆಶ್ರಯ ಮಂಜೂರಾಗಿದೆ.”