ಫಸ್ಟ್ ಗೇರಿನಲ್ಲಿ ಅಕ್ಕ

"ದಿನಾ ಎಷ್ಟು ಸ್ಪೀಡಲ್ಲಿ ಓಡಿಸ್ತೀರಿ?" ಬೈಕಿನ ಬಿಡಿಭಾಗಗಳ ಅಂಗಡಿಯಾಕೆ ಕೇಳಿದಳು. ಗಾಜಿನ ಕೌಂಟರಿನ ಮೇಲೆ ಎಂಜಿನ್ ತಣ್ಣಗಿಡುವ ಮೂರು ಆಯಿಲ್ ಕೂಲರುಗಳಿದ್ದವು. ಒಂದು ಅಂಗೈಯಗಲದ್ದು, ಒಂದು ಪುಸ್ತಕದಷ್ಟು, ಇನ್ನೊಂದು ಅದಕ್ಕೂ ದೊಡ್ಡದು. ಅಕ್ಕನ ಜೊತೆ ಬಂದಿದ್ದ ತಮ್ಮ ದೊಡ್ಡದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಮೂರು," ಎಂದ. "ಗಂಟೆಗೆ ಮೂರು ಕಿಲೋಮೀಟರ್."

ಆಕೆ ಕನ್ನಡಕವನ್ನು ಹಣೆಗೇರಿಸಿದಳು. "ಓಡಿಸ್ತೀರೋ, ತಳ್ಕೊಂಡು ಹೋಗ್ತೀರೋ?"

ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದ ಅಕ್ಕ ನಗಲಿಲ್ಲ. "ನಾನು ನಡೀತೀನಿ. ಇವನು ಪಕ್ಕದಲ್ಲಿ ಬೈಕಲ್ಲಿ ಬರ್ತಾನೆ."

ಮೂರು ತಿಂಗಳ ಹಿಂದೆ ಅಕ್ಕ ರಸ್ತೆಯಲ್ಲಿ ತಲೆಸುತ್ತಿ ಬಿದ್ದಿದ್ದಳು. ಎದೆಬಡಿತ ತಪ್ಪುತ್ತಿದೆ ಎಂದು ಡಾಕ್ಟರು ಭುಜದ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿದರು. ಈಗ ಎಲ್ಲ ಸರಿಯಾಗಿದೆ, ದಿನಾ ಒಂದು ಗಂಟೆ ನಡೆಯಿರಿ ಎಂದರು. ಎಲ್ಲ ಸರಿಯಾಗಿದೆ ಎಂಬುದನ್ನು ಅಕ್ಕ ನಂಬಲಿಲ್ಲ. ಬಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಲು ಬೈಕು ಪಕ್ಕದಲ್ಲಿರಬೇಕು, ಎಂಜಿನ್ ಚಾಲೂ ಇರಬೇಕು. ಮೊದಲ ವಾರ ಸಿಗ್ನಲಿನಲ್ಲಿ ತಮ್ಮನು ಎಂಜಿನ್ ಆಫ್ ಮಾಡಿದ್ದಕ್ಕೆ ಅವಳು ಮುಖ ಬಿಳಿಚಿಕೊಂಡು ಫುಟ್‌ಪಾತಿನಲ್ಲೇ ಕೂತಿದ್ದಳು. ಅಂದಿನಿಂದ ದಿನವೂ ಒಂದು ಗಂಟೆ ಫಸ್ಟ್ ಗೇರು, ಅರ್ಧ ಹಿಡಿದ ಕ್ಲಚ್ಚು. ಎಂಜಿನ್ ಎಷ್ಟು ಕಾಯುತ್ತಿತ್ತೆಂದರೆ ಮನೆಗೆ ಬಂದು ಅರ್ಧ ಗಂಟೆಯಾದರೂ ಹತ್ತಿರ ಹೋಗುವಂತಿರಲಿಲ್ಲ. ನಿನ್ನೆ ಮಾರುಕಟ್ಟೆ ಸರ್ಕಲಿನಲ್ಲಿ ಎರಡು ಸಲ ಕೆಮ್ಮಿ ನಿಂತೇಹೋಯಿತು. ಕೂಲರ್ ಹಾಕಿಸದೆ ಇನ್ನು ಒಂದು ಹೆಜ್ಜೆ ಇಡುವುದಿಲ್ಲ ಎಂದು ಅಕ್ಕ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು. ಅವಳು ಹೇಳಿದರೆ ಹೇಳಿದಂತೆಯೇ.

ಅಂಗಡಿಯಾಕೆ ಚಿಕ್ಕ ಕೂಲರನ್ನು ಎತ್ತಿ, ಅದರ ತೆಳು ತಗಡುಗಳ ಸಾಲಿನ ಮೇಲೆ ಉಗುರು ಎಳೆದಳು. "ಬಿಸಿ ಆಯಿಲ್ ಇದರೊಳಗೆ ಸುತ್ತಿ ಹೋಗುತ್ತೆ. ಆದ್ರೆ ತಣ್ಣಗೆ ಮಾಡೋದು ಈ ಡಬ್ಬಿ ಅಲ್ಲ, ಎದುರುಗಾಳಿ. ಮೂರು ಕಿಲೋಮೀಟರಲ್ಲಿ ಗಾಳಿ ಎಲ್ಲಿಂದ ಬರ್ಬೇಕು? ನಿಮ್ಮಕ್ಕ ಬೀಸಣಿಗೆ ಹಿಡ್ಕೊಂಡು ನಡೀಬೇಕು ಅಷ್ಟೆ."

"ದೊಡ್ಡದು ಹಾಕ್ಸಿದ್ರೆ?"

"ದೊಡ್ಡ ಡಬ್ಬಿ ಬಿಸಿಯಾಗುತ್ತೆ."

"ಫ್ಯಾನ್ ಇರೋದು ಬರುತ್ತಂತಲ್ಲ ಮೇಡಂ?"

"ಬರುತ್ತೆ. ನಿಮ್ಮ ಬೈಕಿನ ಬ್ಯಾಟರಿ ಎರಡೇ ದಿನಕ್ಕೆ ಮಲ್ಕೊಳ್ಳುತ್ತೆ." ಆಕೆ ಕೂಲರನ್ನು ಕೆಳಗಿಟ್ಟಳು. "ಅದಿರ್ಲಿ, ನಿನ್ನೆ ಸರ್ಕಲಲ್ಲಿ ಕೈಕೊಡ್ತು ಅಂದ್ರಲ್ಲ, ಮನೆಗೆ ಹೆಂಗೆ ತಗೊಂಡು ಹೋದ್ರಿ?"

"ತಳ್ಕೊಂಡು," ಎಂದ ತಮ್ಮ.

"ಇವನೊಬ್ನೇ ತಳ್ಳಿದ್ರೆ ಇವತ್ತೂ ಮನೆ ಸೇರ್ತಿರ್ಲಿಲ್ಲ," ಎಂದಳು ಅಕ್ಕ. "ಹಿಂದೆ ಬಸ್ಸಿನವನು ಹಾರ್ನ್ ಹೊಡ್ದು ಪ್ರಾಣ ತಿಂತಿದ್ದ. ಇವನು ನೋಡಿದ್ರೆ ಹ್ಯಾಂಡಲ್ ಹಿಡ್ಕೊಂಡು ಒದ್ದಾಡ್ತಾ ಇದ್ದ. ನಾನೇ ಹಿಂದಿನಿಂದ ಕೈ ಕೊಟ್ಟೆ."

"ಎಷ್ಟು ದೂರ?"

"ಮನೆವರೆಗೂ. ಎರಡು ಕಿಲೋಮೀಟರ್ ಆಗುತ್ತೆ. ಅದರಲ್ಲಿ ಏರು ಬೇರೆ."

ಅಂಗಡಿಯಾಕೆ ಅಕ್ಕನನ್ನು ನೋಡಿದಳು. ತಮ್ಮನೂ ತಿರುಗಿ ನೋಡಿದ. ನಿನ್ನೆ ದಾರಿಯುದ್ದಕ್ಕೂ ಹಿಂದಿನಿಂದ ಬೈಯುತ್ತಾ ಬಂದ ದನಿ ಅವನಿಗೆ ಕೇಳಿಸಿತ್ತು. ಆ ದನಿಯಲ್ಲಿ ಏದುಸಿರು ಇರಲಿಲ್ಲ ಎಂಬುದು ಈಗ ಹೊಳೆಯಿತು. ಮಾತು ಬಾಯಿಂದ ಹೊರಬಿದ್ದ ಮೇಲೆ ಅಕ್ಕನಿಗೂ ತಾನಾಡಿದ್ದು ಕೇಳಿಸಿದಂತಿತ್ತು. ಅವಳು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡಳು.

ಅಂಗಡಿಯಾಕೆ ಮೂರೂ ಕೂಲರುಗಳನ್ನು ಒಂದೊಂದಾಗಿ ಅವುಗಳ ಪೆಟ್ಟಿಗೆಗೆ ಹಾಕಿ ಕಪಾಟಿನಲ್ಲಿಟ್ಟಳು. "ಆಯಿಲ್ ಸುಟ್ಟು ಕರಿಯಾಗಿರುತ್ತೆ, ಬದಲಾಯ್ಸಿ ಕೊಡ್ತೀನಿ. ಆಮೇಲೆ ಸ್ವಲ್ಪ ಚೆನ್ನಾಗಿ ಓಡ್ಸಿ ಅದನ್ನ. ಪಾಪ."

ಆಯಿಲ್ ಬದಲಾಯಿಸಿದ ಮೇಲೆ ಹೊರಗೆ ತಮ್ಮನು ಬೈಕು ಚಾಲೂ ಮಾಡಿದಾಗ ಅಕ್ಕ ಹತ್ತಲಿಲ್ಲ.

"ನೀನು ಹೋಗು. ನಾನು ನಡ್ಕೊಂಡು ಬರ್ತೀನಿ."

"ಒಬ್ಳೇನಾ? ಬೇಡ ಅಕ್ಕ. ಆಫ್ ಮಾಡಿ ತಳ್ಕೊಂಡು ಜೊತೆಗೇ ಬರ್ತೀನಿ."

"ನಿನ್ನ ಆ ಮುಖ ನೋಡ್ಕೊಂಡು ನಡೆದ್ರೆ ಇರೋ ಎದೆಯೂ ನಿಂತುಹೋಗುತ್ತೆ. ಹೋಗ್ತೀಯೋ ಇಲ್ವೋ?"

ಅವನು ಹೋದ. ಎರಡನೇ ಗೇರು, ಮೂರು, ನಾಲ್ಕು. ಎಷ್ಟೋ ದಿನಗಳ ಮೇಲೆ ಅಂಗಿಯೊಳಗೆ ಗಾಳಿ ತುಂಬಿತು. ಕನ್ನಡಿಯಲ್ಲಿ ಅಕ್ಕ ಬೆರಳಿನಷ್ಟಾಗಿ, ಆಮೇಲೆ ಕಾಣದಾದಳು. ಮನೆಯ ಗೇಟಿನ ಮುಂದೆ ಬೈಕು ನಿಲ್ಲಿಸಿ ಗಡಿಯಾರ ನೋಡಿದ. ಅಂಗಡಿಯಿಂದ ಮನೆಗೆ ಅವಳ ನಡಿಗೆಯಲ್ಲಿ ಅರ್ಧ ಗಂಟೆ. ಅರ್ಧ ಗಂಟೆಯಾಯಿತು. ನಲವತ್ತು ನಿಮಿಷವಾಯಿತು. ಅವಳ ಫೋನು ಅವನ ಜೇಬಿನಲ್ಲೇ ಇತ್ತು. ನಲವತ್ತೈದಕ್ಕೆ ಅವನು ಬೈಕನ್ನೂ ಮರೆತು ಬಂದ ದಾರಿಯಲ್ಲೇ ಓಡತೊಡಗಿದ.

ಔಷಧಿ ಅಂಗಡಿಯ ತಿರುವಿನಲ್ಲಿ ಅಕ್ಕ ನಿಂತಿದ್ದಳು. ಎಡಗೈ ಗೋಡೆಯ ಕಡೆಗೆ ಚಾಚಿತ್ತು. ಅವನು ಓಟ ಚುರುಕು ಮಾಡಿದ. ಇನ್ನೂ ಹತ್ತು ಹೆಜ್ಜೆ ಹೋದ ಮೇಲೆ, ಅವಳ ಮುಂದೆ ಸೂಟ್‌ಕೇಸು ಹಿಡಿದ ಒಬ್ಬ ಅಪರಿಚಿತ ವಿಳಾಸದ ಚೀಟಿ ನೋಡುತ್ತಾ ನಿಂತಿರುವುದು ಕಂಡಿತು. ಅಕ್ಕ ಗೋಡೆ ಹಿಡಿದಿರಲಿಲ್ಲ. ಗೋಡೆಯಾಚೆಗಿನ ಬೀದಿಯನ್ನು ತೋರಿಸುತ್ತಿದ್ದಳು. ತಮ್ಮನನ್ನು ಕಂಡು, ಇರು ಎಂಬಂತೆ ಇನ್ನೊಂದು ಕೈ ಎತ್ತಿದಳು.

"ಹೇಳಿದ್ರೆ ನಿಮಗೆ ಗೊತ್ತಾಗಲ್ಲ, ಬನ್ನಿ," ಎಂದು ಅಪರಿಚಿತನಿಗೆ ಹೇಳಿ, ಮನೆಗೆ ಬೆನ್ನು ಹಾಕಿ, ಅವನಿಗಿಂತ ಮುಂದೆ ನಡೆದಳು.