ಗೆರೆ ದಾಟಿದ ಚಕ್ರಗಳು

ಕಾರು ಈ ಸಲವೂ ಸುಣ್ಣದ ಗೆರೆ ದಾಟಿಯೇ ನಿಂತಿತು. ಒಂದು ಮಾರು ಆಚೆ.

ಮೇಸ್ತ್ರಿ ಎಂಜಿನ್ ಆರಿಸಿ ಸ್ಟಿಯರಿಂಗಿಗೆ ಹಣೆಯಾನಿಸಿದ. ಬೆಳಗಿನಿಂದ ಇದು ಒಂಬತ್ತನೆಯ ಸಲ. ಗ್ಯಾರೇಜಿನ ಮುಂದಿನ ಖಾಲಿ ಬೀದಿಯ ಆ ಕೊನೆಯಿಂದ ಒಂದೇ ವೇಗದಲ್ಲಿ ಬರುವುದು, ಗುರುತಿನ ಕಂಬದ ಬಳಿ ಬ್ರೇಕ್ ಒತ್ತುವುದು, ಗೆರೆಯೊಳಗೆ ನಿಲ್ಲುವುದು. ಮೂವತ್ತು ವರ್ಷದಲ್ಲಿ ಅವನು ಗೆಲ್ಲದ ಆಟವಲ್ಲ ಅದು.

ತಪ್ಪು ಯಾರದೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಮಗಳು ಪಾಠ ಹೇಳುವ ಶಾಲೆ ಬೆಟ್ಟದ ಮೇಲಿತ್ತು. ದಾರಿಯ ಕಲ್ಲಿಗೆ ಕಾರಿನ ಹೊಟ್ಟೆ ಉಜ್ಜುತ್ತದೆ ಎಂದು ಅವಳು ಅಂದದ್ದೇ ತಡ, ದೊಡ್ಡ ಚಕ್ರ ತರಿಸಿ ಹಾಕಿಬಿಟ್ಟಿದ್ದ. ಅವಳು ಕೇಳಿರಲಿಲ್ಲ, ಅಕ್ಕರೆ ಕೇಳಿದ ಮೇಲೆ ತೋರಿಸುವಂಥದ್ದಲ್ಲ. ಆರನೆಯ ದಿನ ಅದೇ ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಬ್ರೇಕು ಹಿಡಿಯಲಿಲ್ಲ. ಕಾರು ಗೇಟಿನ ಕಂಬಕ್ಕೆ ಗುದ್ದಿತು. ಅವನಿಗೆ ತರಚಿದ ಗಾಯವೂ ಆಗಲಿಲ್ಲ. ಅವಳ ಬಲಗೈ ಮುರಿಯಿತು.

ನಾಲ್ಕು ದಿನವಾಯಿತು. ಹೆಂಡತಿ ಅವನನ್ನು ಒಮ್ಮೆಯೂ ದೂರಿರಲಿಲ್ಲ. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

ಈಗಲೂ ಅವಳು ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪ್ಲಾಸ್ಟರಿನ ಕೈಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ರೀ, ಒಡೆದ ಲೈಟಿನ ಗಾಜು ಅಲ್ಲೆಲ್ಲ ಉದುರಿದೆ. ಚಪ್ಪಲಿ ಹಾಕ್ಕೊಳ್ಳಿ."

"ಚಪ್ಪಲಿ ಹಾಕ್ಕೊಂಡು ಬ್ರೇಕ್ ನೋಡೋಕಾಗುತ್ತೇನೆ?"

"ಮೊನ್ನೆ ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಮನೆವರೆಗೂ ಬಂದ್ರಲ್ಲ, ಆಗ ಯಾವ ಬ್ರೇಕ್ ನೋಡ್ತಿದ್ರಿ?"

ಒಳಗೆ ಪುಸ್ತಕ ತಿದ್ದುತ್ತಿದ್ದ ಮಗಳು ಕಿಸಕ್ಕೆಂದಳು. ಮೇಸ್ತ್ರಿಗೆ ನಗು ಬರಲಿಲ್ಲ. ನಿನ್ನ ಕೈ ಮುರಿದವನ ತಲೆ ನೆಟ್ಟಗಿರುತ್ತದೆಯೇ, ಚಪ್ಪಲಿಯ ಪರಿವೆಯಿರುತ್ತದೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಬರಿಗಾಲು ಅವನ ಕಸುಬಿನ ಗುಟ್ಟು. ಬ್ರೇಕಿನ ದೂರು ತಂದವರ ಮಾತಿಗೆ ಅವನು ಎಂದೂ ಕಿವಿಗೊಟ್ಟವನಲ್ಲ. ಚಪ್ಪಲಿ ಬಿಟ್ಟು ಪೆಡಲ್ ಒತ್ತುವನು. ಅಂಗಾಲಿಗೆ ಏರಿ ಬರುವ ನಡುಕ ಹಿಡಿದು, ಯಾವ ಚಕ್ರದಲ್ಲಿ ಏನು ಸವೆದಿದೆ ಎಂದು ಕೂತಲ್ಲೇ ಹೇಳುವನು. ಜನ ಅವನನ್ನು ಅಂಗಾಲು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. "ಗಿರಾಕಿ ಬಾಯಿ ಸುಳ್ಳು ಹೇಳ್ಬೋದು, ನನ್ನ ಅಂಗಾಲು ಹೇಳಲ್ಲ" ಎನ್ನುವುದು ಅವನಿಗಿದ್ದ ಒಂದೇ ಜಂಬ.

ಈ ಕಾರಿನ ಪೆಡಲ್ ಮಾತ್ರ ಮೂಕವಾಗಿತ್ತು. ಹತ್ತಿಯ ಮೂಟೆ ತುಳಿದಂತೆ. ಎಷ್ಟು ಒತ್ತಿದೆನೆಂಬುದೇ ತಿಳಿಯದಂತೆ.

ಪೈಪಿನಲ್ಲಿ ಗಾಳಿ ಸೇರಿದರೆ ಹಾಗಾಗುತ್ತದೆ. ಎರಡು ಸಲ ಗಾಳಿ ತೆಗೆದ. ಹೊಸ ಬ್ರೇಕ್ ಎಣ್ಣೆ ತುಂಬಿದ. ಹೊಸ ಪ್ಯಾಡ್ ಕೂರಿಸಿದ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ದೊಡ್ಡ ಟೈರು ಬ್ರೇಕಿನ ಪೈಪಿಗೆ ಉಜ್ಜುತ್ತದೆಯೇ ಎಂದು ಬೆರಳಾಡಿಸಿ ನೋಡಿದ. ಎಲ್ಲವೂ ಸರಿಯಿತ್ತು. ದೊಡ್ಡ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಕಷ್ಟ ಹೆಚ್ಚು ಎಂಬುದು ಅವನಿಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಹಾಕಿದೆನಲ್ಲ ಎಂಬುದೇ ಸುಡುತ್ತಿತ್ತು.

ಸೋಮವಾರ ಮಗಳು ಇದೇ ಕಾರಿನಲ್ಲಿ ಬೆಟ್ಟ ಇಳಿಯಬೇಕು. ಅಲ್ಲಿ ತಡೆಯಲು ಗೇಟಿನ ಕಂಬ ಕೂಡ ಇಲ್ಲ.

"ಅಪ್ಪ, ಐದು ದಿನ ನಾನೇ ಓಡಿಸಿದ್ದೀನಿ. ನಂಗೆ ಚೆನ್ನಾಗೇ ಹಿಡೀತಿತ್ತು," ಎಂದಳು ಮಗಳು, ಹೊರಗೆ ಬಂದು.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಕಣಮ್ಮ."

ಇಳಿದು ಕಾರಿನ ಮುಂದೆ ಹೋದ. ಎರಡು ಚಕ್ರಗಳ ಮಧ್ಯೆ ಕುಕ್ಕರಿಸಿ ಕಣ್ಣು ಮುಚ್ಚಿದ. ದೇವರೇ, ತಪ್ಪು ನನ್ನದು. ಒಪ್ಪಿಕೊಂಡಿದ್ದೇನೆ. ಎಲ್ಲಿದೆ ಎಂದಷ್ಟೇ ತೋರಿಸು.

ಎದ್ದು ಬಂದು ಹತ್ತನೆಯ ಸಲ ಓಡಿಸಿದ. ಗೆರೆ ದಾಟಿತು.

"ಸಾಕು. ಈ ಚಕ್ರ ಕಳಚಿ ಬಿಸಾಕ್ತೀನಿ."

"ಕಳಚೋ ಮುಂಚೆ ಒಂದ್ಸಲ ನಾನು ನೋಡ್ತೀನಿ, ಇಳಿಯಪ್ಪ."

ಅವಳು ಅವನು ಹೇಳಿದ ವೇಗದಲ್ಲೇ ಬಂದಳು. ಅದೇ ಕಂಬದ ಬಳಿ ಒತ್ತಿದಳು. ಕಾರು ಗೆರೆಗಿಂತ ಒಂದು ಗೇಣು ಈಚೆಗೇ ನಿಂತಿತು. ಮೇಸ್ತ್ರಿ ಗೆರೆ ನೋಡಿದ, ಚಕ್ರ ನೋಡಿದ, ಮತ್ತೆ ಗೆರೆ ನೋಡಿದ.

ಅವಳು ಬಾಗಿಲು ತೆರೆದು ಕಾಲ ಬಳಿ ಇಣುಕಿದಳು. "ಹಿಡೀತಪ್ಪ. ಆದ್ರೆ ಪೆಡಲ್ ಯಾಕೋ ಜಾರುತ್ತೆ. ಒದ್ದೆಯಾಗಿದೆ."

"ಒದ್ದೆನಾ?" ಮೇಸ್ತ್ರಿಯ ಮುಖ ಅರಳಿತು. "ಲೇ, ಕೇಳಿಸ್ತೇನೆ? ಎಣ್ಣೆ ಸೋರ್ತಿದೆ! ಅದಕ್ಕೇ ಒಂದ್ಸಲ ಹಿಡಿಯುತ್ತೆ, ಒಂದ್ಸಲ ಇಲ್ಲ. ಚಕ್ರದ ತಪ್ಪಲ್ಲ ಕಣೇ, ಚಕ್ರದ ತಪ್ಪಲ್ಲ!"

ನಾಲ್ಕು ದಿನದ ಮೇಲೆ ಮೊದಲ ಸಲ ಎದೆ ತುಂಬ ಉಸಿರಾಡಿ, ಬಾಗಿಲ ಬಳಿ ಮೊಣಕಾಲೂರಿ, ಒಳಗಿನ ಕತ್ತಲಿಗೆ ಕೈ ಚಾಚಿದ. ಪೆಡಲ್ ಸವರಿ ಬೆರಳುಗಳನ್ನು ಬಿಸಿಲಿಗೆ ಹಿಡಿದ.

ಬೆಳಿಗ್ಗೆ ತುಂಬಿದ ಎಣ್ಣೆಗೆ ಜೇನಿನ ಬಣ್ಣವಿತ್ತು. ಇದು ಕೆಂಪಗಿತ್ತು.

"ರಕ್ತ!" ಅವನು ಗಾಬರಿಯಿಂದ ಮಗಳ ಕಾಲು ನೋಡಿದ. ಚಪ್ಪಲಿ ಮೆಟ್ಟಿದ ಕಾಲು, ಗೀರೂ ಇರಲಿಲ್ಲ.

ಹೆಂಡತಿ ಕುರ್ಚಿಯಿಂದ ಎದ್ದು ಬಂದು, ಹಿಂದೆ ಮಡಚಿದ್ದ ಅವನ ಬಲಗಾಲಿನ ಬಳಿ ಕೂತಳು. ಅಂಗಾಲಿಗೆ ನಾಟಿದ್ದ ಅರ್ಧ ಬೆರಳುದ್ದದ ಗಾಜನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ಕಿತ್ತಳು. ಅವನು ಹಿಂತಿರುಗಿಯೂ ನೋಡದೆ ಮಗಳನ್ನು ಕೇಳುತ್ತಲೇ ಇದ್ದ: "ಹೇಳಮ್ಮ, ಯಾರಿಗೆ ಏಟಾಯ್ತು?"